ಕತ್ತರಿಯಕ್ಕನ ಆಸರೆಮನೆ

ಅವಳ ಸ್ವಂತ ಹೆಸರು ಕೇಳಿದರೆ ಕಟ್ಟಿಕೊಂಡ ಗಂಡನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ. ಊರಿಗೆಲ್ಲ ಅವಳು ಕತ್ತರಿಯಕ್ಕ. ಆ ಗುಡ್ಡದೂರಿಗೆ ಇರುವ ಒಬ್ಬಳೇ ದರ್ಜಿ. ದಾರಕ್ಕೆ ಕಟ್ಟಿದ ಕತ್ತರಿ ಸದಾ ಸೊಂಟದಲ್ಲಿ ತೂಗಾಡುತ್ತಿರುತ್ತದೆ. ಹೆಸರು ಬಂದದ್ದು ಆ ಕತ್ತರಿಯಿಂದಲೋ ಅವಳ ನಾಲಿಗೆಯಿಂದಲೋ ಎಂದು ಯಾರಾದರೂ ಕೆಣಕಿದರೆ ಅವಳ ಅತ್ತೆ ಬೊಚ್ಚುಬಾಯಲ್ಲಿ ನಕ್ಕು, “ಎರಡನ್ನೂ ಒಂದೇ ಸಾಣೆಗೆ ಕೊಟ್ಟಿದ್ದು ಬಿಡಿ” ಅನ್ನುತ್ತಾಳೆ.

ಹಿಂದೊಂದು ಮಳೆಗಾಲದಲ್ಲಿ ಮೇಲಿನ ಗುಡ್ಡ ಜಾರಿ ಬಂದು ಅವಳ ಮನೆ, ಹೊಲಿಗೆ ಮೆಷಿನ್ನು, ಮದುವೆಯಲ್ಲಿ ಬಂದ ಪೆಟ್ಟಿಗೆ ಎಲ್ಲವನ್ನೂ ನುಂಗಿ ಹಾಕಿತ್ತು. ಜೀವವೇನೋ ಉಳಿಯಿತು, ತಲೆಯ ಮೇಲೊಂದು ಸೂರಿರಲಿಲ್ಲ. ಊರಿಗೆ ಊರೇ ಬಂಡೆಯ ಸಂದಿಯಲ್ಲಿ ನೆನೆಯುತ್ತಾ ಕೂತಿತ್ತು. ಆ ಚಳಿಗೆ ಸೆಟೆದುಕೊಂಡ ಅತ್ತೆಯ ಕಾಲು ಮತ್ತೆ ನೆಟ್ಟಗಾಗಲೇ ಇಲ್ಲ. ಅಂದಿನಿಂದ ಕತ್ತರಿಯಕ್ಕನದು ಒಂದೇ ಜಪ: ಊರಿಗೊಂದು ಗಟ್ಟಿ ಸೂರು ಬೇಕು. ಕೆಳಗಿನ ಪಟ್ಟಣದ ಕಚೇರಿಗೆ ಹತ್ತಿ ಇಳಿದು ಚಪ್ಪಲಿ ಸವೆಸಿದಳು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರೆ, “ಬರಲಿ ಬಿಡಿ, ನಾನೂ ಬುತ್ತಿ ತಂದಿದ್ದೀನಿ” ಎಂದು ಬೆಂಚಿನ ಮೇಲೆ ಕೂತಳು. ಇವಳ ಕಾಟ ತಡೆಯಲಾರದೆಯೋ ಏನೋ, ಕೊನೆಗೂ ಯೋಜನೆ ಮಂಜೂರಾಯಿತು. ರಸ್ತೆಯಿಲ್ಲದ ಊರು, ಅವಳ ಗಂಡನ ಹೇಸರಗತ್ತೆಗಳು ಹೊತ್ತಷ್ಟು ಹೊತ್ತವು, ಉಳಿದ ಸಿಮೆಂಟನ್ನು ಊರವರೇ ಬೆನ್ನ ಮೇಲೆ ಹೊತ್ತರು.

ಹಾಗೆ ಎದ್ದದ್ದು ಆಸರೆಮನೆ. ಜಾರದ ಬಂಡೆಯ ಮೇಲೆ ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಕಮ್ಮಾರನ ಜಗಲಿಯ ಮೇಲೆ ಕೈಯಲ್ಲಿ ತಿರುಗಿಸುವ ಸೈರನ್ನು. ಊರ ಸಮಿತಿಗೆ ಕತ್ತರಿಯಕ್ಕನೇ ಯಜಮಾನಿ, ಮತ್ತಿನ್ಯಾರು! ಕಿಟಕಿಗಳಿಗೆ ಅವಳೇ ಪರದೆ ಹೊಲಿದಳು. ನೆಲವನ್ನು ಒರೆಸಿ ಒರೆಸಿ ಮುಖ ಕಾಣುವ ಹಾಗೆ ಮಾಡಿದಳು. ಅಷ್ಟು ಚಂದದ ನೆಲದ ಮೇಲೆ ಯಾರದೋ ಕೆಸರುಗಾಲು ಬಿದ್ದರೆ ಅವಳ ಎದೆಯ ಮೇಲೆ ಬಿದ್ದಂತೆ. ಚಪ್ಪಲಿ ಹೊರಗೇ ಎಂದು ಕಟ್ಟಪ್ಪಣೆ ಮಾಡಿದಳು. ಅದೂ ಸಾಲದೆಂದು ಒಂದು ಬೀಗ ಜಡಿದು, ಬೀಗದ ಕೈಯನ್ನು ಕತ್ತರಿಯ ಪಕ್ಕಕ್ಕೆ ಕಟ್ಟಿಕೊಂಡಳು.

“ಆಚೆ ಗುಡ್ಡದವರು ತಮ್ಮ ಆಸರೆಮನೆಯಲ್ಲಿ ಆಲೂಗಡ್ಡೆ ಸುರಿದಿದ್ದಾರಂತೆ! ಥೂ, ಮನುಷ್ಯರಾ ಅವರು? ಪರೀಕ್ಷೆ ಮಾಡೋರು ಬರಲಿ, ಯಾರ ಊರು ಹೆಚ್ಚು ಅಂತ ಗೊತ್ತಾಗುತ್ತೆ,” ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ತನ್ನ ಊರು ಪಾಸಾಗಬೇಕು, ಎಲ್ಲರಿಗಿಂತ ಮೊದಲಾಗಬೇಕು. ಹಗಲೂ ಇರುಳೂ ಅವಳಿಗೆ ಅದೇ ಧ್ಯಾನ.

ಪರೀಕ್ಷೆಗೆ ಬಂದವಳು ಒಬ್ಬ ಮೇಡಂ. ಗುಡ್ಡದೂರುಗಳಲ್ಲಿ ಕಟ್ಟಿದ ಇಂಥವೆಲ್ಲ ಆಪತ್ತಿನ ಹೊತ್ತಿಗೆ ನಿಜಕ್ಕೂ ಒದಗುತ್ತವೋ ಇಲ್ಲವೋ ಎಂದು ಹತ್ತಿಳಿದು ನೋಡುವುದೇ ಆಕೆಯ ಕೆಲಸ. ಮಂಡಿಗೆ ಪಟ್ಟಿ ಸುತ್ತಿಕೊಂಡು ಏದುಸಿರು ಬಿಡುತ್ತಾ ಬಂದಳು. ಆವತ್ತು ತಾಲೀಮು ಅಂದರೆ ತಾಲೀಮು! ಸೈರನ್ನು ಕೂಗಿದ್ದೇ ತಡ, ಊರವರೆಲ್ಲ ಪೆಟ್ಟಿಗೆಯಿಂದ ತೆಗೆದ ಒಳ್ಳೆಯ ಬಟ್ಟೆಯಲ್ಲಿ ಸಾಲಾಗಿ ಬಂದು, ಚಪ್ಪಲಿ ಜೋಡಿಸಿಟ್ಟು, ಒಳಗೆ ಕೈಕಟ್ಟಿ ಕೂತರು. ಮೇಡಂ ತಲೆಯಾಡಿಸಿದಳು. ಕತ್ತರಿಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ಮಧ್ಯಾಹ್ನ ಅವಳು ಗುಂಡಿ, ದಾರ ತರಲೆಂದು ಕೆಳಗಿನ ಅಂಗಡಿಗೆ ಇಳಿದಿದ್ದಳು. ಇದ್ದಕ್ಕಿದ್ದಂತೆ ಮೇಲೆ ಸೈರನ್ನು ಊಳಿಟ್ಟಿತು. ಮೇಡಂ ಊರವರಿಗೆ ಮುಂಚೆ ತಿಳಿಸದೆ ಕಮ್ಮಾರನ ಕೈಯಲ್ಲಿ ಕೂಗಿಸಿದ್ದಳು. ಅದು ಇವಳಿಗೇನು ಗೊತ್ತು? ಎದ್ದೆನೋ ಬಿದ್ದೆನೋ ಎಂದು ಏರು ಹತ್ತಿ ಓಡಿ ಬಂದಳು.

ಬಂದು ನೋಡಿದರೆ ಊರೆಲ್ಲ ಬಾಗಿಲ ಮುಂದೆ ಸುಡುಬಿಸಿಲಿನಲ್ಲಿ ನಿಂತಿದೆ. ಬರಿಗಾಲಲ್ಲಿ! ಚಪ್ಪಲಿಗಳು ಗೋಡೆಗುಂಟ ನೀಟಾಗಿ ಸಾಲುಗಟ್ಟಿವೆ. ಗಂಡ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ನಿಂತಿದ್ದಾನೆ. ಬಾಗಿಲಿಗೆ ಬೀಗ.

“ಯಾಕ್ರೋ ಹೀಗೆ ನಿಂತಿದ್ದೀರಾ? ಬೀಗ ಒಡೆಯೋಕೆ ಏನಾಗಿತ್ತು ನಿಮಗೆ?” ಎಂದು ಏದುಸಿರಿನಲ್ಲೇ ಕಿರುಚಿದಳು.

ಕಮ್ಮಾರ ಕೈಯಲ್ಲಿ ಸುತ್ತಿಗೆ ಹಿಡಿದೇ ನಿಂತಿದ್ದ. “ಒಡೆದ್ರೆ ನೀನು ಸುಮ್ನೆ ಬಿಡ್ತಿದ್ಯಾ, ಅಕ್ಕ? ಗುಡ್ಡ ಬಿದ್ರೆ ಒಂದು ಸಲ ಸಾಯ್ತೀವಿ, ನಿನ್ನ ಕೈಲಿ ಸಿಕ್ಕಿದ್ರೆ ದಿನಾ ಸಾಯಬೇಕು” ಅಂದ.

ಯಾರೂ ನಗಲಿಲ್ಲ. ಮೇಡಂ ಮೆಲ್ಲಗೆ, “ಕಟ್ಟಡ ಪಾಸು, ಅಕ್ಕ. ಊರು ಫೇಲು. ಆಚೆ ಗುಡ್ಡದವರದು ಕೊಳಕಾಗಿದೆ ನಿಜ, ಆದ್ರೆ ಬಾಗಿಲು ತೆಗೆದಿತ್ತು. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಬರ್ತೀನಿ” ಎಂದಳು.

ಆಲೂಗಡ್ಡೆಯವರು ಪಾಸು! ಕತ್ತರಿಯಕ್ಕ ಮನೆಗೆ ಬಂದು ಮೆಷಿನ್ನಿನ ಮೇಲೆ ಸಿಟ್ಟು ತೀರಿಸಿಕೊಂಡಳು. “ಬೆನ್ನು ಮುರಿದು ಕಟ್ಟಿದೋರು ನಾವು. ಫೇಲು ಅನ್ನೋಕೆ ಅವಳ್ಯಾರು?”

ಗಂಡ ದಿನಕ್ಕೊಂದು ಮಾತಾಡುವ ಆಸಾಮಿ. ಆ ದಿನದ್ದನ್ನು ಆಗ ಆಡಿದ. “ಬೀಗ ಹಾಕಿದ್ದು ಅವಳಲ್ಲ.”

ಮೂಲೆಯಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಅತ್ತೆ, “ಆವತ್ತು ಸೂರಿಲ್ಲದೆ ಹೊರಗೆ ಕೂತಿದ್ದೆ. ಇವತ್ತು ಸೂರಿದ್ದೂ ಹೊರಗೇ ಉಳಿದೆ. ಆವತ್ತಿಂದೇ ವಾಸಿ ಕಣೇ, ಯಾರ ಮೇಲೂ ಸಿಟ್ಟಿರಲಿಲ್ಲ” ಎಂದಳು.

ಮೆಷಿನ್ನು ನಿಂತಿತು. ಕತ್ತರಿಯಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ಆ ಮನೆ ಎಂದೂ ಕಂಡಿರಲಿಲ್ಲ.

ಅತ್ತಿದ್ದಾಯಿತು, ಎದ್ದಳು. ಅವಳು ಅಂಥವಳೇ. ಕಮ್ಮಾರನನ್ನು ಕರೆಸಿ ಬೀಗವನ್ನಷ್ಟೇ ಅಲ್ಲ, ಹೊರಗಿನ ಚಿಲಕವನ್ನೂ ಕೊಂಡಿಯನ್ನೂ ಕೀಳಿಸಿದಳು. ಆಮೇಲೆ ಊರವರ ಎದುರಿಗೇ, ಕೆಸರು ಮೆತ್ತಿದ ಚಪ್ಪಲಿಯಲ್ಲಿ ಆ ಹೊಳೆಯುವ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಅಂದಿನಿಂದ ಊರಿಗೆ ನೆಮ್ಮದಿಯಿಲ್ಲ. ಹಾಲು ಕರೆಯುವಾಗ, ಸ್ನಾನಕ್ಕೆ ಕೂತಾಗ, ಬಾಯಿಗೆ ತುತ್ತಿಡುವಾಗ ಸೈರನ್ನು! ತಲೆಯಲ್ಲಿ ಸೋಪಿನ ನೊರೆ ಹೊತ್ತೇ ಕ್ಷೌರಿಕ ಓಡಿ ಬಂದದ್ದುಂಟು. ಯಾರಾದರೂ ಅಭ್ಯಾಸಬಲದಿಂದ ಚಪ್ಪಲಿ ಬಿಚ್ಚಲು ಬಗ್ಗಿದರೆ, “ಹಾಗೇ ನುಗ್ಗೋ, ಕತ್ತೆ!” ಎಂದು ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ಮಳೆಗಾಲ ಬಂತು. ಸುರಿದ ಮಳೆಗೆ ಒಂದು ಮಧ್ಯಾಹ್ನ ಮೇಲಿನ ಇಳಿಜಾರಿನಲ್ಲಿ ಬಿರುಕು ಬಾಯ್ಬಿಟ್ಟದ್ದನ್ನು ಕಂಡ ಕಮ್ಮಾರ ಸೈರನ್ನು ತಿರುಗಿಸಿದ. ಕತ್ತರಿಯಕ್ಕ ಆಗ ಊರಾಚೆಯ ಬಾಣಂತಿಯ ಮನೆಯಲ್ಲಿ ಕೂಸಿಗೆ ಅಂಗಿಯ ಅಳತೆ ತೆಗೆಯುತ್ತಿದ್ದಳು. ಬಾಣಂತಿಯನ್ನು ಮುಂದೆ ಅಟ್ಟಿ, ಕೂಸನ್ನು ಎದೆಗವಚಿಕೊಂಡು ಹಿಂದೆ ಓಡಿದಳು. ದಾರಿಯುದ್ದಕ್ಕೂ ಅವಳಿಗೊಂದೇ ದಿಗಿಲು: ಎಲ್ಲರೂ ಒಳಗಿದ್ದಾರೋ, ಇಲ್ಲಾ ನನಗಾಗಿ ಹೊರಗೆ ಕಾಯುತ್ತಿದ್ದಾರೋ?

ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೆಗುಂಟ ಒಂದು ಚಪ್ಪಲಿಯೂ ಇರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಊರಿಗೆ ಊರೇ ಕೆಸರುಗಾಲಲ್ಲಿ, ಕೋಳಿಬುಟ್ಟಿಗಳ ನಡುವೆ ಕಿಕ್ಕಿರಿದು ಕೂತಿತ್ತು. ಬಾಣಂತಿ ಒಳಗೆ ನುಗ್ಗಿದಳು. ಕತ್ತರಿಯಕ್ಕ ಮಾತ್ರ ಹೊಸ್ತಿಲಲ್ಲಿ, ಹಾಳು ಅಭ್ಯಾಸ ನೋಡಿ, ಒಂದು ಕಾಲಿನ ಚಪ್ಪಲಿ ಬಿಚ್ಚಲು ಬಗ್ಗಿದಳು.

“ಹಾಗೇ ನುಗ್ಗೇ, ಕತ್ತೆ!” ಒಳಗಿನಿಂದ ಅತ್ತೆ ಗುಡುಗಿದಳು.

ನುಗ್ಗಿದಳು. ಹಿಂದೆ ಬಾಗಿಲು ಮುಚ್ಚಿತು, ಗುಡ್ಡ ಇಳಿಯಿತು. ಕಮ್ಮಾರನ ಕುಲುಮೆ ಹೋಯಿತು, ಕೊಟ್ಟಿಗೆಗಳು ಹೋದವು, ಕತ್ತರಿಯಕ್ಕನ ಎರಡನೆಯ ಹೊಲಿಗೆ ಮೆಷಿನ್ನೂ ಹೋಯಿತು. ಊರಿನ ಒಂದು ಜೀವವೂ ಹೋಗಲಿಲ್ಲ.

ಮಳೆ ನಿಂತ ಮೇಲೆ ಮೇಡಂ ಮಾತಿಗೆ ತಪ್ಪದೆ ಬಂದಳು. ಬಾಗಿಲಿಗೆ ಚಿಲಕವಿಲ್ಲ. ನೆಲದ ತುಂಬ ಗೀರು, ಎಷ್ಟು ತಿಕ್ಕಿದರೂ ಹೋಗದ ಕಲೆ. ಪರದೆಯ ಒಂದು ಅಂಚನ್ನು ಆಡು ತಿಂದಿತ್ತು. ಕತ್ತರಿಯಕ್ಕ ಎದೆ ಸೆಟೆಸಿ ಬಾಗಿಲಲ್ಲಿ ನಿಂತು, “ನೋಡಿ ಮೇಡಂ, ಎಷ್ಟು ಗಲೀಜು! ಆಚೆ ಗುಡ್ಡದಲ್ಲಿ ಇಷ್ಟಿದೆಯಾ ಹೇಳಿ” ಎಂದಳು.

ಮೇಡಂ ಕಣ್ಣೊರೆಸಿಕೊಂಡು, ಒಳಗೆ ಹೋಗಲೆಂದು ಬಗ್ಗಿ ಶೂ ದಾರಕ್ಕೆ ಕೈ ಹಾಕಿದಳು.

“ಏಳಿ ಮೇಡಂ, ಏಳಿ,” ಎಂದು ಕತ್ತರಿಯಕ್ಕ ಅವಳ ತೋಳು ಹಿಡಿದೆತ್ತಿದಳು. “ಶೂ ಬಿಚ್ಚಿದ್ರೆ ಈ ಸಲ ನೀವು ಫೇಲು.”