ಕೊಸರಿಲ್ಲದ ಚುನಾವಣೆ

ಸಾಮ್‌ಚನ್‌ಪೊ ಬಂದರಿನ ಮೀನು ಮಾರ್ಕೆಟ್ಟಿನಲ್ಲಿ ಗ್ಯೆಸುನಕ್ಕನ ಕೈಗುಣ ತಿಳಿಯದವರಿಲ್ಲ. ಬಂಗುಡೆ ತೂಗಿ ಕವರಿಗೆ ಹಾಕಿ ಮುಗಿಯುವಷ್ಟರಲ್ಲಿ ಅವಳ ಕೈ ತನ್ನಷ್ಟಕ್ಕೆ ತಾನೇ ಪಕ್ಕದ ಬುಟ್ಟಿಗೆ ಹೋಗಿ ಎರಡು ಸಣ್ಣ ಭೂತಾಯಿ ಮೀನು ತಂದು ಒಳಗೆ ತುರುಕಿರುತ್ತದೆ. ಅದು ಕೊಸರು. ಪಕ್ಕದ ಒಣಮೀನಿನ ಅಂಗಡಿ ನನ್ನದು. ನಿನ್ನ ದೆಸೆಯಿಂದ ನನ್ನ ಗಿರಾಕಿಗಳೂ ಕೊಸರು ಕೇಳಿ ಪ್ರಾಣ ತಿನ್ನುತ್ತಾರೆ ಎಂದು ನಾನು ಅವಳ ಜೊತೆ ಜಗಳ ಆಡದ ದಿನವಿಲ್ಲ.

ಅಂಥವಳು ನಗರಸಭೆ ಚುನಾವಣೆಗೆ ನಿಂತಳು. ಅವಳನ್ನು ನಿಲ್ಲಿಸಿದ್ದು ಹೊಸ ಕಾನೂನು. ಮೊದಲೆಲ್ಲ ನಗರಸಭೆಗೆ ನಿಲ್ಲುವವರು ಜನರಿಂದ ದೇಣಿಗೆ ಎತ್ತುವ ಹಾಗೇ ಇರಲಿಲ್ಲ. ಹಾಗಾಗಿ ಒಂದೋ ದುಡ್ಡಿದ್ದವನು ನಿಲ್ಲುತ್ತಿದ್ದ, ಇಲ್ಲವೇ ದುಡ್ಡಿದ್ದವನು ಕಳ್ಳದಾರಿಯಲ್ಲಿ ಸಾಕಿದವನು. ನಮ್ಮ ಹಳೇ ಸದಸ್ಯ ಎರಡನೇ ಜಾತಿ. ಬಂದರಿನ ಕಂಟ್ರಾಕ್ಟರು ಕೂರು ಅಂದರೆ ಕೂರುತ್ತಿದ್ದ, ಏಳು ಅಂದರೆ ಏಳುತ್ತಿದ್ದ. ಈಗ ಯಾರು ಬೇಕಾದರೂ ಹೆಸರು ಹೇಳಿಕೊಂಡು, ಮಿತಿಯೊಳಗೆ ಕೊಡಬಹುದು. ಕಂಪನಿಗಳು ಮಾತ್ರ ಕೊಡುವಂತಿಲ್ಲ. ಸುದ್ದಿ ಬಂದ ದಿನ ಮಾರ್ಕೆಟ್ಟಿನ ಹೆಂಗಸರಿಗೆಲ್ಲ ಮೈಮೇಲೆ ದೇವರು ಬಂದಂತಾಯಿತು. ಒಲ್ಲೆ ಒಲ್ಲೆ ಎಂದ ಅಕ್ಕನನ್ನು ನಾವೇ ಮುಂದಕ್ಕೆ ತಳ್ಳಿದೆವು. ಹತ್ತು ಸಾವಿರ ವೊನ್, ಇಪ್ಪತ್ತು ಸಾವಿರ ವೊನ್, ಅವರವರ ಶಕ್ತಿ ಇದ್ದಷ್ಟು. ಮೀನು ಮೆತ್ತಿದ ಬೆರಳಲ್ಲೇ ಫೋನು ಒತ್ತಿ ಕಳಿಸಿದೆವು. ನನ್ನ ದುಡ್ಡಿಗೂ ಒಬ್ಬಳನ್ನು ಚುನಾವಣೆಗೆ ನಿಲ್ಲಿಸುವ ತಾಕತ್ತಿದೆ ಎಂದು ಎದೆ ಉಬ್ಬಿ ಅವತ್ತು ನನಗೆ ಅನ್ನ ಸೇರಲಿಲ್ಲ.

ಆದರೆ ಜನ ಅಭ್ಯರ್ಥಿಗೆ ಕೊಡಬಹುದೇ ಹೊರತು ಅಭ್ಯರ್ಥಿ ಜನಕ್ಕೆ ಏನೂ ಕೊಡುವಂತಿಲ್ಲ. ಚುನಾವಣಾ ಕಚೇರಿಯಾತ ಅಕ್ಕನಿಗೆ ಬಿಡಿಸಿ ಹೇಳಿದ, ಊಟ ಇಲ್ಲ, ಉಡುಗೊರೆ ಇಲ್ಲ, ಗೆದ್ದರೂ ಅಧಿಕಾರ ಮುಗಿಯುವವರೆಗೆ ಇಲ್ಲ. ಕೊಸರು ಕೊಡಬಹುದಾ ಎಂದು ಅಕ್ಕ ಕೇಳಿದಳು. ಆತ ತಲೆ ಕೆರೆದುಕೊಂಡು, ಯಾರಾದರೂ ದೂರು ಕೊಟ್ಟರೆ ಸ್ಪರ್ಧೆಗೇ ಸಂಚಕಾರ, ಅದೂ ಬೇಡ ಅಂದ.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಅಕ್ಕನ ಕೈ ಬುಟ್ಟಿಯ ಕಡೆ ಹೊರಟರೆ ಸಾಕು, ನಾನು ಇಲ್ಲಿಂದ ಕೆಮ್ಮಬೇಕು. ಎದುರಿನ ಸೀಗಡಿಯವಳು ಬುಟ್ಟಿಯನ್ನೇ ಎತ್ತಿ ಬಚ್ಚಿಡುತ್ತಿದ್ದಳು. ಈ ಸಲವೂ ನಿಂತಿದ್ದ ಹಳೇ ಸದಸ್ಯನ ಕಡೆಯವರು, ಕೊಸರು ಬಿದ್ದರೆ ದೂರು ಕೊಡೋಣವೆಂದು ದಿನಾ ಬಂದು, ಒಬ್ಬ ಬಂಗುಡೆ ಕೊಳ್ಳುವಾಗ ಇನ್ನೊಬ್ಬ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ. ಅವರಿಂದ ವ್ಯಾಪಾರ ಚೆನ್ನಾಗೇ ಆಯಿತು ಬಿಡಿ.

ಹಾಗೆ ಅವರು ನಿಂತಿದ್ದಾಗಲೇ ತಕ್ ಅಜ್ಜ ಬಂದ. ಒಂಟಿ ಮುದುಕ. ಒಂದೇ ಬಂಗುಡೆ ಕೊಳ್ಳುವವನು. ಅಕ್ಕನ ಕೊಸರಿನಲ್ಲಿ ಅವನ ಇನ್ನೊಂದು ಹೊತ್ತಿನ ಊಟ ಆಗುತ್ತಿತ್ತು. ಕವರಿನ ಬಾಯಿ ತೆರೆದು ಹಿಡಿದು ಕಾಯುತ್ತಾ ನಿಂತ. ಅಕ್ಕನ ಕೈ ಅರ್ಧ ದಾರಿಗೆ ಹೋಗಿ ನಿಂತಿತು. ಕಾನೂನು ಅಜ್ಜ, ಎಂದು ಏನೋ ಗೊಣಗಿದಳು.

“ಏನಮ್ಮಾ, ಕುರ್ಚಿ ಸಿಗೋ ಮುಂಚೇನೇ ಕೈ ಬಿಗಿಯಾಯ್ತಾ?” ಅಂದ ಅಜ್ಜ, ಎಲ್ಲರೆದುರಿಗೆ. ಅಂದವನೇ ಹೊರಟುಹೋದ.

ಅಕ್ಕ ಐಸ್ ಪೆಟ್ಟಿಗೆಗಳ ಹಿಂದೆ ಹೋಗಿ ಗಳಗಳ ಅತ್ತಳು. “ಮುದುಕಂಗೆ ಎರಡು ಮೀನು ಹಾಕಕ್ಕಾಗ್ದಿರೋ ಈ ಹಾಳು ಚುನಾವಣೆ ನಂಗ್ಯಾಕೆ? ನಾ ನಾಮಪತ್ರ ವಾಪಸ್ ತಗೋತೀನಿ.”

ನನಗೆ ಪಿತ್ತ ನೆತ್ತಿಗೇರಿತು. “ತಗೋ, ಯಾರು ಬೇಡ ಅಂದ್ರು? ನಾವೆಲ್ಲ ಹೊಟ್ಟೆ ಬಟ್ಟೆ ಕಟ್ಟಿ ಕೊಟ್ಟಿದ್ದು ಹೊಳೇಲಿ ಹುಣಸೇಹಣ್ಣು ತೊಳ್ದಂಗಾಗ್ಲಿ,” ಅಂದೆ. ಅವಳು ಮೂಗು ಸೀಟಿಕೊಂಡು ಎದ್ದು ಹೋಗಿ ಮೀನು ಕೊಯ್ಯಲು ಕೂತಳು. ಅಜ್ಜ ಮಾತ್ರ ಚುನಾವಣೆ ಮುಗಿಯುವವರೆಗೂ ಮತ್ತೆ ನಮ್ಮ ಸಾಲಿಗೆ ಕಾಲಿಡಲಿಲ್ಲ.

ಗೆದ್ದಳು ನಮ್ಮಕ್ಕ! ಬೆರಳೆಣಿಕೆಯ ವೋಟಿನ ಅಂತರದಲ್ಲಿ, ಆದರೂ ಗೆದ್ದಳು. ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಕುಣಿಯಿತು. ಹಳೇ ಜಗಳಗಂಟಿ ಸೀಗಡಿಯವಳು ನನ್ನನ್ನು ತಬ್ಬಿಕೊಂಡು ರಬ್ಬರ್ ಬೂಟಿನಲ್ಲೇ ಹೆಜ್ಜೆ ಹಾಕಿದಳು.

ಆ ಗದ್ದಲದ ನಡುವೆ ತಕ್ ಅಜ್ಜ ಬಂದು ಒಂದು ಬಂಗುಡೆ ಕೇಳಿದ. ಅಕ್ಕನ ಮುಖ ಬಾಡಿತು. ಗೆದ್ದಮೇಲೂ ಕೊಸರು ಹಾಕುವಂತಿಲ್ಲ ಎಂದು ತಲೆ ಎತ್ತದೆ ಹೇಳಿದಳು. ಅಜ್ಜ ಕವರಿನ ಬಾಯನ್ನು ತಾನೇ ಬಿಗಿಯಾಗಿ ಗಂಟು ಹಾಕಿದ.

“ಹಾಕ್ಬೇಡ. ಅವತ್ತು ಕೋಪ ಬಂದಿದ್ದು ನಿಜ. ಆದ್ರೆ ನೀನು ಹಾಕಿದ್ದಿದ್ರೆ, ಈ ಮುದುಕನ ವೋಟು ಎರಡು ಭೂತಾಯಿಗೆ ಬಿತ್ತು ಅಂತಿದ್ರು ಜನ. ನಂಗೂ ಹಂಗೇ ಅನ್ನಿಸ್ತಿತ್ತು. ಈ ಸಲ ಅದು ನಿಂಗೇ ಬಿದ್ದಿದ್ದು, ತಿಳ್ಕೋ.”

ಅಕ್ಕ ಒದ್ದೆ ಕೈ ಒರೆಸಿಕೊಂಡು, ಚಿಲ್ಲರೆಯನ್ನೂ ಬಿಡದೆ ಅವನಿಂದ ಬಂಗುಡೆಯ ಪೂರ್ತಿ ದುಡ್ಡು ತೆಗೆದುಕೊಂಡಳು.