ಫೌತಿ ರಜಿಸ್ಟರಿನ ಷರಾ ಕಾಲಂ

ನನ್ನ ಗಂಡ ತೀರಿಕೊಂಡ ಏಳನೆಯ ತಿಂಗಳಿಗೆ ನನಗೆ ಕೊಪ್ಪಳದ ಕಾಲೇಜೊಂದರಲ್ಲಿ ನೌಕರಿ ಬಂತು. ಅವರು ಕುಷ್ಟಗಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನೌಕರಿಯಲ್ಲಿರುವಾಗಲೇ ಹೋದವರ ಮನೆಯಲ್ಲಿ ಒಬ್ಬರಿಗೆ ಅನುಕಂಪದ ಮೇಲೆ ಕೆಲಸ ಕೊಡುತ್ತಾರೆ. ಹಾಗೆ ಬಂದವಳು ನಾನು. ಮದುವೆಗೆ ಮುಂಚೆ ಬಿ.ಕಾಂ. ಮುಗಿಸಿದ್ದೆ. ಆ ಸರ್ಟಿಫಿಕೇಟನ್ನು ಇಪ್ಪತ್ತು ವರ್ಷದ ಮೇಲೆ ಟ್ರಂಕಿನಿಂದ ಹೊರಗೆ ತೆಗೆದದ್ದು ಈ ಕೆಲಸಕ್ಕಾಗಿಯೇ.

ಅವರು ಹೋದ ದಿನ ನಾನು ಅಳಲಿಲ್ಲ. ಭಾನುವಾರ ಊರಿಗೆ ಹೋಗಿ ಹೊಲದಲ್ಲಿ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ. ನಾನು ಕುಷ್ಟಗಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಅವರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಓಣಿಯ ಹೆಂಗಸರು "ಅಳಸ್ರೆ ಆಕೀನ್ನ, ಎದಿಯಾಗ ಕುಂತ್ ಬಿಡತೈತಿ" ಎನ್ನುತ್ತ ನನ್ನ ಬೆನ್ನಿಗೆ ಗುದ್ದಿದರು. ಬೆನ್ನು ನೋಯಿತು, ಅಷ್ಟೇ. ಆಮೇಲೂ ಅಳು ಬರಲಿಲ್ಲ. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಬಸ್ಸು ತಪ್ಪಿದರೆ ಬೇಸರವೂ ಆಗುತ್ತಿತ್ತು. ಆದರೆ ಎಲ್ಲವೂ ಬೇರೆ ಯಾರಿಗೋ ಆದಂತೆ, ಅವರು ನನಗೆ ಬಂದು ಹೇಳಿದಂತೆ ಇರುತ್ತಿತ್ತು.

ಕಾಲೇಜಿನಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿ ಇತ್ತು. ನನ್ನನ್ನು ಅಲ್ಲಿ ಕೂರಿಸಿದರು. ಎರಡನೆಯ ವಾರ ಸಂಖ್ಯಾಶಾಸ್ತ್ರದ ಸರ್ ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಕೈಯಲ್ಲಿ ಸದಾ ಸುಣ್ಣದಕಡ್ಡಿಯ ಪುಡಿ ಹತ್ತಿಕೊಂಡಿರುತ್ತಿದ್ದ ಮನುಷ್ಯ.

"ಅಕ್ಕಾರ, ಆಕ್ಚುವರಿ ಅಂದ್ರ ಗೊತ್ತೈತೇನ್ರಿ?"

"ಇಲ್ಲ ಸರ್."

"ಕನ್ನಡದಾಗ ವಿಮಾಗಣಕ ಅಂತಾರ. ಯಾವ ವಯಸ್ಸಿನ ಮಂದಿ ವರ್ಷಕ್ಕ ಎಷ್ಟು ಸಾಯತಾರ ಅಂತ ಲೆಕ್ಕ ಹಾಕಿ, ವಿಮೆ, ಪಿಂಚಣಿ ಎಲ್ಲಾ ಹೆಂಗಿರಬೇಕು ಅಂತ ಹೇಳೋರು." ಇಷ್ಟು ಹೇಳಿ ಥಟ್ಟನೆ ನಿಂತರು. ನನ್ನ ಸಂಗತಿ ಆಗ ನೆನಪಾಗಿರಬೇಕು.

"ಹೇಳ್ರಿ ಸರ್, ಬರಕೊಳ್ಳಾಕತ್ತೀನಿ," ಎಂದೆ.

ಅವರ ಆಸೆ ದೊಡ್ಡದಲ್ಲ. ಈ ಕಡೆಯ ಮಕ್ಕಳಿಗೆ ಆ ವಿದ್ಯೆಯ ಹೆಸರೇ ಗೊತ್ತಿಲ್ಲ. ಪುಸ್ತಕ ನೋಡಬೇಕೆಂದರೂ ದೂರದ ಶಹರಕ್ಕೆ ಹೋಗಬೇಕು. ಪುಣೆಯಲ್ಲಿ ನಿವೃತ್ತರಾದ ಅವರ ಹಳೆಯ ಸಹಪಾಠಿಯೊಬ್ಬರು ತಮ್ಮ ಪುಸ್ತಕಗಳನ್ನೆಲ್ಲ ಕೊಡಲು ಒಪ್ಪಿದ್ದರು. ರಸಾಯನಶಾಸ್ತ್ರದವರ ಹಳೆಯ ಸಾಮಾನಿನ ಕೋಣೆ ಖಾಲಿ ಮಾಡಿಸಿಕೊಂಡು, ಓದುವವರಿಗೂ ಸಂಶೋಧನೆ ಮಾಡುವವರಿಗೂ ಆಗುವಂಥ ಒಂದು ಪರಾಮರ್ಶನ ಗ್ರಂಥಾಲಯ ಮಾಡಬೇಕು. "ನನಗ ಲೆಕ್ಕ ಬರತೈತಿ, ಪುಸ್ತಕ ಜೋಡಸಾಕ ಬರಂಗಿಲ್ಲ," ಎಂದರು. ನನಗೆ ಎರಡೂ ಬರುತ್ತಿರಲಿಲ್ಲ. ಹೂಂ ಎಂದೆ. ಆಗ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ.

ಪುಸ್ತಕಗಳು ಗಂಗಾವತಿಯ ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಬಂದವು. ಅಕ್ಕಿ ಚೀಲಗಳ ನಡುವೆ ನಾಲ್ಕು ದಿನ ಬಿದ್ದಿದ್ದ ಡಬ್ಬಿಗಳನ್ನು ಟಂಟಂ ಗಾಡಿಗೆ ಹಾಕಿಸಿಕೊಂಡು ಕೊಪ್ಪಳಕ್ಕೆ ತಂದೆ. ಬಿಚ್ಚಿದಾಗ ತೌಡಿನ ವಾಸನೆ. ಒಂದೊಂದನ್ನೇ ಒರೆಸಿ, ಸಂಖ್ಯೆ ಬರೆದು, ಬೆನ್ನಿಗೆ ಚೀಟಿ ಅಂಟಿಸಿದೆ. ಗ್ರಂಥಾಲಯದ ಪದ್ಧತಿಯಂತೆ ವಿಮೆಯ ಪುಸ್ತಕಗಳು ಒಂದು ಕಡೆ, ಸಂಭವನೀಯತೆಯ ಗಣಿತ ಇನ್ನೊಂದು ಕಡೆ, ಜನಸಂಖ್ಯೆ ಮತ್ತೆಲ್ಲೋ ಹೋಗಿ ಕೂರುತ್ತವೆ. ಸರ್‌ಗೆ ಎಲ್ಲವೂ ಒಂದೇ ಕೋಣೆಯಲ್ಲಿ, ಕೈಗೆಟಕುವಂತೆ ಬೇಕು. ಸಂಖ್ಯೆ ಇದ್ದದ್ದೇ ಇರಲಿ, ಜಾಗ ನಮ್ಮದು ಎಂದು ತೀರ್ಮಾನಿಸಿ, ಯಾವುದು ಎಲ್ಲಿದೆ ಎಂದು ಹೇಳುವ ದಪ್ಪ ನೋಟುಬುಕ್ಕೊಂದನ್ನು ಬಾಗಿಲ ಬಳಿ ಇಟ್ಟೆ. ಬೆಳೆ ವಿಮೆಯ ಕಪಾಟಿಗೆಂದು ಮುನಿರಾಬಾದಿಗೆ ಮೂರು ಸಲ ಹೋಗಿ, ನೀರಾವರಿ ಕಚೇರಿಯ ಮಳೆ ಲೆಕ್ಕದ ಪುಸ್ತಕಗಳ ನಕಲು ತಂದೆ.

ಎಲ್ಲಕ್ಕಿಂತ ಹೆಚ್ಚು ಇದ್ದವು ಜೀವಿತ ಕೋಷ್ಟಕಗಳು. ಮೇಲೆ ಒಂದು ಲಕ್ಷ ಹಸುಗೂಸುಗಳಿಂದ ಶುರುವಾಗಿ, ಸಾಲಿಗೊಂದು ವರ್ಷದಂತೆ ಇಳಿಯುತ್ತ, ಪುಟದ ಕೊನೆಗೆ ಯಾರೂ ಉಳಿಯುವುದಿಲ್ಲ. ನನ್ನ ಗಂಡ ಹೋದ ವಯಸ್ಸಿನ, ನಲವತ್ನಾಲ್ಕರ ಸಾಲನ್ನು ನಾನು ಹುಡುಕಲಿಲ್ಲ. ಹುಡುಕಬೇಕು ಎಂದು ಅನ್ನಿಸಲೂ ಇಲ್ಲ.

ಆ ಕೋಣೆಗೆ ಮೊದಲು ಓದಲು ಬಂದವಳು ಬೇವೂರಿನ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಮನೆಯಲ್ಲಿ ಕುರಿ ಸಾಕುತ್ತಿದ್ದರು. ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರೆಗೂ ಕೋಷ್ಟಕಗಳ ಮುಂದೆ ಕೂರುತ್ತಿದ್ದಳು. ಒಂದು ದಿನ ಸರ್ ಮುಂದೆ ಕೇಳಿದಳು:

"ಇವೆಲ್ಲಾ ಬ್ಯಾರೆ ಕಡೆ ಮಂದೀದು ಸರ್. ಇಲ್ಲಾ ಇಡೀ ದೇಶದ್ದು. ನಮ್ಮ ಕಡೆ ಮಂದಿ ಎಷ್ಟು ವರ್ಷ ಬದುಕತಾರ್ರಿ? ಅದು ಯಾವ ಪುಸ್ತಕದಾಗ ಐತಿ?"

ಸರ್ ಕನ್ನಡಕ ತೆಗೆದು ಒರೆಸಿದರು. "ಯಾವುದರಾಗೂ ಇಲ್ಲವ್ವಾ," ಎಂದರು.

ಮುಂದಿನ ತಿಂಗಳು ಅವರು ಓಡಾಡಿ ಪರವಾನಗಿ ಪತ್ರಗಳನ್ನು ತಂದರು. ಕಚೇರಿಗಳಲ್ಲಿರುವ ಮರಣದ ದಾಖಲೆಗಳನ್ನು, ಅಂದರೆ ಈ ಕಡೆಯವರು ಫೌತಿ ರಜಿಸ್ಟರ್ ಎನ್ನುವುದನ್ನು, ಹೆಸರು ಬಿಟ್ಟು ಬರೆದುಕೊಳ್ಳಬಹುದು. ಊರು, ತಾರೀಖು, ಗಂಡೋ ಹೆಣ್ಣೋ, ವಯಸ್ಸು, ಕಾರಣ, ಇಷ್ಟೇ.

ಹಳೆಯವು ನಿಜಾಮರ ಕಾಲದ ಉರ್ದುವಿನಲ್ಲಿದ್ದವು. ಅವುಗಳ ಫೋಟೋ ತೆಗೆದು, ಅಚ್ಚು ಹಾಕಿಸಿ, ಗಂಗಾವತಿಯ ಒಬ್ಬ ನಿವೃತ್ತ ಉರ್ದು ಮಾಸ್ತರರ ಮನೆಗೆ ಒಯ್ದೆ. ಪ್ರತಿ ಶನಿವಾರ ಮಧ್ಯಾಹ್ನ ಅವರು ಓದುವುದು, ನಾನು ಬರೆಯುವುದು. "ಔರತ್, ಉಮ್ರ ಇಪ್ಪತ್ತೈದು, ಬುಖಾರ್." ಹೆಂಗಸು, ಇಪ್ಪತ್ತೈದು, ಜ್ವರ. ಹೆಚ್ಚುಕಡಿಮೆ ಎಲ್ಲರೂ ಬುಖಾರಿನಿಂದಲೇ ಸತ್ತಿದ್ದರು. ಮತ್ತೇನೆಂದು ಬರೆಯಬೇಕೆಂದು ಆಗ ಬರೆಯುವವನಿಗೂ ಗೊತ್ತಿರಲಿಕ್ಕಿಲ್ಲ.

ಒಂದು ಶನಿವಾರ ಮಾಸ್ತರರು ಓದುತ್ತ ಓದುತ್ತ ನಿಂತುಬಿಟ್ಟರು. ಒಂದೇ ಊರು, ಒಂದೇ ಮನೆತನದ ಹೆಸರು, ಒಂದೇ ವಾರದಲ್ಲಿ ಆರು ಸಾಲು. ನಾಲ್ಕು ಮಕ್ಕಳು, ತಾಯಿ, ಅಜ್ಜಿ. ಕಾಗದ ಕೆಳಗಿಟ್ಟು ಕಣ್ಣು ಒತ್ತಿಕೊಂಡರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

"ನಿನಗೇನೂ ಅನಸಲಿಲ್ಲೇನು ತಂಗಿ?"

"ಇಲ್ಲರಿ ಮಾಸ್ತರ."

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ತಪ್ಪು ಹುಡುಕುವ ನೋಟವಾಗಿರಲಿಲ್ಲ. ಒಳಗಿನವರಿಗೆ ಚಹಾ ಮಾಡಲು ಹೇಳಿದರು. ಚಹಾ ಕುಡಿದು ಮುಂದಿನ ಸಾಲಿಗೆ ಹೋದೆವು.

ಈಚಿನ ವರ್ಷಗಳ ಕೆಲಸಕ್ಕೆ ಯಲಬುರ್ಗಾಕ್ಕೆ ಹೋಗಬೇಕಾಯಿತು. ಸರ್ ಒಂದು ರಟ್ಟಿನ ಪಟ್ಟಿ ಕತ್ತರಿಸಿ ಕೊಟ್ಟಿದ್ದರು. ಅದನ್ನು ಹೆಸರಿನ ಕಾಲಮಿನ ಮೇಲಿಟ್ಟುಕೊಂಡು ಉಳಿದದ್ದನ್ನು ಮಾತ್ರ ಬರೆಯಬೇಕು. ನನ್ನ ಗಂಡನ ಊರೂ ಆ ಕಡೆಯದೇ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಮೂರನೆಯ ದಿನ ಆ ಊರಿನ ಹೆಸರು ಬಂತು, ಆ ತಾರೀಖೂ ಬಂತು. ಗಂಡಸು. ವಯಸ್ಸು ಅರವತ್ನಾಲ್ಕು. ಕಾರಣ, ವಯೋಸಹಜ.

ಅವತ್ತೇ ಊರಲ್ಲಿ ಇನ್ನೊಬ್ಬರು ಹೋಗಿದ್ದರೇ ಎಂದುಕೊಂಡೆ. ಇಲ್ಲ, ಹೋಗಿದ್ದರೆ ತಿಳಿಯುತ್ತಿತ್ತು. ರಟ್ಟು ಸರಿಸಿದೆ. ಅವರದೇ ಹೆಸರು. ನನಗೆ ಸಿಕ್ಕಿದ್ದ ಮರಣದ ಸರ್ಟಿಫಿಕೇಟಿನಲ್ಲಿ ವಯಸ್ಸಾಗಲಿ ಕಾರಣವಾಗಲಿ ಇರಲಿಲ್ಲ. ಹಾಗಾಗಿ ಇದು ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಟ್ಟನ್ನು ಮತ್ತೆ ಹೆಸರಿನ ಮೇಲೆ ಇಟ್ಟೆ. ಅರವತ್ನಾಲ್ಕು ಎಂದೇ ಬರೆದೆ. ಇದ್ದದ್ದನ್ನು ಇದ್ದಂತೆ ಬರೆಯುವುದು ನಮ್ಮ ನೇಮ. ಅವತ್ತು ಇನ್ನೂ ಎರಡು ಊರು ಮುಗಿಸಿ ಐದರ ಬಸ್ಸು ಹಿಡಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.

ಮರುದಿನ ಸರ್‌ಗೆ ಕೇಳಿದೆ. "ರಜಿಸ್ಟರಿನ್ಯಾಗ ಇದ್ದದ್ದು ತಪ್ಪು ಅಂತ ನಮಗ ಖಾತ್ರಿ ಇದ್ರ ಏನ್ ಮಾಡಬೇಕ್ರಿ?"

"ಖಾತ್ರಿ ಅಂದ್ರ? ಹೆಂಗ್ ಗೊತ್ತಾತು?"

"ಅದು ನಮ್ಮ ಮನಿಯವರದ್ದು ಸರ್. ಅವ್ರಿಗೆ ನಲವತ್ನಾಕು. ಅರವತ್ನಾಕು ಅಂತ ಐತಿ."

ಸರ್ ಹಲಗೆಯ ಮೇಲೆ ಏನೋ ಬರೆಯುತ್ತಿದ್ದವರು ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಬೇವೂರಿನ ಹುಡುಗಿ ತಲೆಯೆತ್ತಿ, ಮತ್ತೆ ತಗ್ಗಿಸಿದಳು. ಸರ್ ಹೇಳಿದರು: "ಇದ್ದದ್ದನ್ನ ಅಳಸಬ್ಯಾಡ್ರಿ. ಕಡೀಕ ಒಂದು ಕಾಲಂ ಹಾಕ್ರಿ. ಷರಾ ಅಂತ ಬರೀರಿ. ಖರೇ ಏನೈತಿ, ಅದನ್ನ ಹೇಳಿದವರು ಯಾರು, ಎರಡೂ ಬರೀರಿ."

ಸ್ಕೇಲಿಟ್ಟು ಗೆರೆ ಎಳೆದೆ. "ವಯಸ್ಸು ೪೪. ಹೃದಯಾಘಾತ. ಮಾಹಿತಿ: ಹೆಂಡತಿ." ನನ್ನ ಅಕ್ಷರ ನೆಟ್ಟಗೇ ಬಂತು.

ಆ ಭಾನುವಾರ ಅತ್ತೆಯ ಹತ್ತಿರ ಹೋದೆ. ಅವರು ಮೈದುನನ ಸಂಸಾರದ ಜೊತೆ ಇದ್ದಾರೆ. ಕಟ್ಟೆಯ ಮೇಲೆ ಕೂತು ಅಲಸಂದಿ ಬಿಡಿಸುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸುತ್ತ ಕೇಳಿದೆ.

"ಅತ್ತಿ, ಅವತ್ತು ಪಂಚಾಯ್ತಿಯಾಂವ ಬರಕೊಳ್ಳಾಕ ಬಂದಿದ್ನಲ್ಲ, ವಯಸ್ಸು ಯಾರು ಹೇಳಿದ್ರಿ?"

"ನಾನ ಹೇಳಿದೆ. ನಿನ್ನ ಮೈದುನ ಕುಳ್ಳು ಕಟಗಿ ನೋಡಾಕ ಹೋಗಿದ್ದ." ಅವರ ಕೈ ನಿಲ್ಲಲಿಲ್ಲ. "ವಯಸ್ಸೆಷ್ಟವಾ ಯಮ್ಮಾ ಅಂದ. ಅರವತ್ನಾಕು ಅಂದೆ."

"ಅವ್ರಿಗೆ ನಲವತ್ನಾಕಲ್ಲೇನ್ರಿ?"

"ಹೌದಲ್ಲ. ಅರವತ್ನಾಕು ನನಗ." ಆಮೇಲೆ ಕೈ ನಿಂತಿತು. "ನನ್ನ ವಯಸ್ಸ ಕೇಳ್ಯಾನ ಅಂತ ತಿಳಕೊಂಡೆ. ಹ್ಯಾಂಗ ಸತ್ತರು ಅಂದಾಗ ನನಗೇನೂ ಹೇಳಾಕ ಬರಲಿಲ್ಲ. ಹಂಗ ಬರದನೇನು?"

"ಹಂಗ ಬರದಾರ್ರಿ."

ಮೊರದಲ್ಲಿದ್ದ ಕಾಳನ್ನು ಅವರು ಒಂದೆರಡು ಸಲ ಕೈಯಿಂದ ಸರಿಸಿದರು. "ಅಂದ್ರ ಅಲ್ಲಿ ನಾ ಸತ್ತೀನಿ," ಎಂದರು. ಎದೆ ಬಡಿದುಕೊಳ್ಳಲಿಲ್ಲ, ದನಿ ಏರಲಿಲ್ಲ. ಮನೆಯಲ್ಲಿ ನನ್ನ ಹಾಗೆ ಇನ್ನೊಬ್ಬರಿದ್ದಾರೆ ಎಂದು ನನಗೆ ತಿಳಿದದ್ದು ಆಗಲೇ. ವರ್ಷದಿಂದ ನಾವಿಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಎದ್ದಿದ್ದೆವು, ಕೇಳಿಕೊಂಡಿರಲಿಲ್ಲ. ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. ಅವರು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ "ಬುಟ್ಟಿ ಕೊಡು" ಎಂದರು. ಕೊಟ್ಟೆ.

ತಿದ್ದುಪಡಿಗೆ ಅರ್ಜಿ ಕೊಟ್ಟೆವು. ಅತ್ತೆ ಹೆಬ್ಬೆಟ್ಟು ಒತ್ತಿದರು. ಅಲ್ಲಿಯೂ ಹಳೆಯದನ್ನು ಅಳಿಸುವುದಿಲ್ಲ. ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡುತ್ತಾರೆ. ಎರಡು ಸಲ ಓಡಾಡಿದ ಮೇಲೆ ಅದಾಯಿತು.

ಅಷ್ಟರಲ್ಲಿ ಸರ್ ತಲೆಯಲ್ಲಿ ಬೇರೆ ಯೋಚನೆ ಹೊಕ್ಕಿತ್ತು. ಒಂದು ಸಾಲು ತಪ್ಪಿದ್ದರೆ ಇನ್ನೆಷ್ಟು ತಪ್ಪಿರಬಹುದು? ಸಾವಾದ ಮನೆಗಳು ಯಾವುವೆಂದು ಊರೂರಿನ ಪಂಚಾಯಿತಿಯವರಿಂದ ಕೇಳಿಕೊಂಡು, ಒಪ್ಪಿದವರ ಮನೆಗಷ್ಟೇ ಹೋಗಿ ವಿಚಾರಿಸೋಣ ಎಂದರು. ಬೇವೂರಿನಿಂದ ಶುರು ಮಾಡಿದೆವು, ಹುಡುಗಿಯ ಊರೇ ಆದ್ದರಿಂದ. ಸರ್ ಎದುರು ಹೆಂಗಸರು ಬಾಯಿ ಬಿಡಲಿಲ್ಲ. ಅವರು ಗುಡಿಯ ಕಟ್ಟೆಯ ಮೇಲೆ ಕಾಯುವುದು, ನಾನೂ ಹುಡುಗಿಯೂ ಒಳಗೆ ಹೋಗುವುದು ಎಂದಾಯಿತು. ನನ್ನ ಕೊರಳು ನೋಡಿ ಅವರೇ ಕೇಳುತ್ತಿದ್ದರು, "ನಿಮ್ಮವರು ಯಾವಾಗ ಹೋದ್ರವಾ?" ಹೇಳುತ್ತಿದ್ದೆ. ಆಮೇಲೆ ಅವರು ತಮ್ಮದನ್ನು ಹೇಳುತ್ತಿದ್ದರು. ಕೆಲವರು ಅಳುತ್ತಿದ್ದರು. ನಾನು ಬರೆಯುತ್ತಿದ್ದೆ. ಎದುರಿಗೆ ಕೂತವಳು ತಾನೂ ಅಳತೊಡಗಿದರೆ ಅವರ ಮಾತು ಅಲ್ಲಿಗೇ ನಿಲ್ಲುತ್ತಿತ್ತು ಎಂದು ಹುಡುಗಿ ಒಂದು ಸಲ ಬಸ್ಸಿನಲ್ಲಿ ಹೇಳಿದಳು. "ನಿಮ್ಮ ಮುಂದ ಆದ್ರ ಹೇಳಾಕ ಬರತೈತ್ರಿ ಅಕ್ಕಾರ," ಎಂದಳು. ಅದು ಹೊಗಳಿಕೆಯೋ ಅಲ್ಲವೋ, ನನಗೆ ಗೊತ್ತಾಗಲಿಲ್ಲ.

ಮಂಗಳೂರಿನಲ್ಲಿ, ಅಂದರೆ ಸಮುದ್ರದ ಕಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ, ಒಬ್ಬಾಕೆಯ ಮಗಳು ತೀರಿಕೊಂಡಿದ್ದಳು. ರಜಿಸ್ಟರಿನಲ್ಲಿ ವಯಸ್ಸಿನ ಜಾಗ ಖಾಲಿ. "ಎಷ್ಟು ವರ್ಷದಾಕಿ ಇದ್ಲು?" ಎಂದೆ. ಆಕೆ ಎದ್ದು ಬಾಗಿಲ ಹತ್ತಿರ ಹೋಗಿ, ಕೆಳಗಿನ ಚಿಲಕದ ಮೇಲೆ ಕೈಯಿಟ್ಟು, "ಇಷ್ಟು ಇದ್ಲುರಿ" ಎಂದಳು. ಹಾಗೆಯೇ ನಿಂತಳು, ಕೈ ತೆಗೆಯದೆ. ನಾನು ಷರಾದಲ್ಲಿ "ಬಾಗಿಲ ಚಿಲಕದಷ್ಟು ಎತ್ತರ. ಮಾಹಿತಿ: ತಾಯಿ" ಎಂದು ಬರೆದೆ. ಹುಡುಗಿ ಟೇಪು ತಂದಿರಲಿಲ್ಲವೆಂದು ಗೇಣಿನಿಂದ ಅಳೆದಳು. ಹೊರಗೆ ಬಂದ ಮೇಲೆ ನಾನೂ ಒಂದು ಕೈಯನ್ನು ಆ ಚಿಲಕದಷ್ಟು ಎತ್ತರಕ್ಕೆ ಹಿಡಿದಿರುವುದನ್ನು ನೋಡಿದೆ. ಬಿಸಿಲಿಗೆ ಇರಬೇಕು ಎಂದುಕೊಂಡು ನೀರು ಕುಡಿದೆ. ಬಸ್ ಸ್ಟ್ಯಾಂಡಿನವರೆಗೂ ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ನಡೆದೆ.

ಸರ್ ನಿವೃತ್ತರಾದರು. ಈಗಲೂ ವಾರಕ್ಕೆರಡು ಸಲ ಬರುತ್ತಾರೆ. ಹುಡುಗಿ ವಿಮಾಗಣಕರ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಒಮ್ಮೆ ಫೇಲಾಗಿ, ಎರಡನೆಯ ಸಲ ಪಾಸಾದಳು. ಇನ್ನೂ ಬಹಳಷ್ಟು ಉಳಿದಿವೆ. ಕೊಪ್ಪಳದಲ್ಲೇ ಟ್ಯೂಷನ್ ಹೇಳುತ್ತ, ಮಧ್ಯಾಹ್ನ ನಮ್ಮ ಕೋಣೆಯಲ್ಲಿ ಓದುತ್ತಾಳೆ. ಅವಳ ಜೊತೆ ಈಗ ಐದಾರು ಮಂದಿ. ಧಾರವಾಡದಿಂದ ಸಂಶೋಧನೆಯವರು ಬರುತ್ತಾರೆ, ಅಂಕಿಗಳನ್ನು ಬೇಗ ಬರೆದುಕೊಂಡು ಷರಾ ಓದುತ್ತ ಕೂತುಬಿಡುತ್ತಾರೆ. ಆ ಕಾಲಮಿಗೇ ಎರಡು ದಪ್ಪ ವಹಿಗಳಾಗಿವೆ.

ನಾನು ಗ್ರಂಥಾಲಯ ವಿಜ್ಞಾನದ ಕೋರ್ಸಿಗೆ ಸೇರಿದ್ದೇನೆ, ಅಂಚೆಯ ಮೂಲಕ. ಮುಂಜಾನೆ ಬೀಗ ತೆಗೆದು, ಕಿಟಕಿ ಬಿಚ್ಚಿ, ಮೇಜು ಒರೆಸುವಷ್ಟರಲ್ಲಿ ಯಾರಾದರೂ ಬಂದಿರುತ್ತಾರೆ. "ಹೆಂಗದೀರಿ ಅಕ್ಕಾರ?" ಎನ್ನುತ್ತಾರೆ. "ಅದೀನ್ರಿ," ಎನ್ನುತ್ತೇನೆ. ಅವರು ಪುಸ್ತಕದ ಹೆಸರು ಹೇಳುತ್ತಾರೆ. ಎದ್ದು ತೆಗೆದುಕೊಡುತ್ತೇನೆ.