ಟ್ರೇಲರ್ ಇಲ್ಲದ ರಿವರ್ಸ್

ಬಿದ್ದ ಕಂಬವನ್ನು ನೋಡಿ ಬ್ರೇಕ್ ಇನ್ಸ್‌ಪೆಕ್ಟರು ನಕ್ಕರಲ್ಲ, ಆ ನಗು ನೆನಪಾದರೆ ಈಗಲೂ ನನಗೆ ಅಂಗಾಲಿನ ಉರಿ ನೆತ್ತಿಗೇರುತ್ತದೆ. ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಎದ್ದೂ ಬರಲಿಲ್ಲ. “ಹೆಣ್ಮಕ್ಳ ರಿವರ್ಸ್ ಅಂದ್ರೆ ಇಷ್ಟೇ. ಇಳಿಯಮ್ಮ, ಮುಂದಿನ ವಾರ ಬಾ,” ಅಂದರು. ಡ್ರೈವಿಂಗ್ ಟೆಸ್ಟಿಗೆಂದು ಸಾಲಾಗಿ ನಿಂತಿದ್ದ ಗಂಡಸರೂ ಹಲ್ಲು ಬಿಟ್ಟರು.

ಅವರಲ್ಲಿ ಎಷ್ಟು ಜನ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟಿದ್ದರೋ ನನಗೆ ಗೊತ್ತಿಲ್ಲ. ನಾನು ಐದು ವರ್ಷ ಬಿಟ್ಟಿದ್ದೆ. ನಮ್ಮದು ಕುಂತೂರಿನ ಪಕ್ಕದ ಊರು. ಬೆಳಗ್ಗೆ ಬೇಗ ಏಳುವುದೆಂದರೆ ನನ್ನ ತಮ್ಮನಿಗೆ ಜ್ವರ ಬರುತ್ತದೆ. ಹಾಗಾಗಿ ಕಟಾವಿನ ಕಾಲದಲ್ಲಿ ಅಪ್ಪನ ಜೊತೆ ಗದ್ದೆಗೆ ಹೋಗುತ್ತಿದ್ದವಳು ನಾನು. ಗದ್ದೆಯೊಳಗೆ ಟ್ರ್ಯಾಕ್ಟರ್ ನನ್ನದು, ಡಾಂಬರು ರಸ್ತೆ ಸಿಕ್ಕಿದ ಮೇಲೆ ಅಪ್ಪನದು. ಹಿಂದೆ ಟ್ರೇಲರ್ ಇದ್ದಾಗ ರಿವರ್ಸ್ ಹಾಕುವ ರೀತಿಯೇ ಬೇರೆ. ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಬೇಕು. ಎರಡು ಬದುಗಳ ನಡುವೆ, ಒಂದು ಹೆಂಟೆ ಮಣ್ಣು ಕದಲದ ಹಾಗೆ ನಾನು ಬಿಡುತ್ತಿದ್ದೆ. ತಮ್ಮನಿಗೆ ಅದು ಇವತ್ತಿಗೂ ಬರುವುದಿಲ್ಲ. ಲೈಸೆನ್ಸು ಮಾತ್ರ ಅವನಿಗೆ ಹದಿನೆಂಟು ತುಂಬಿದ ಕೆಲವೇ ತಿಂಗಳಲ್ಲಿ ಬಂತು.

ನನಗೆ ಲೈಸೆನ್ಸು ಬೇಕಾಗಿದ್ದು ಒಂದು ಕೆಲಸಕ್ಕಾಗಿ. ಹನೂರಿನಲ್ಲಿ ಒಂದು ಸಣ್ಣ ಸಂಸ್ಥೆಯವರು ಇಬ್ಬರು ನರ್ಸುಗಳನ್ನು ಬೆಟ್ಟದ ಕಡೆಯ ಊರುಗಳಿಗೆ ಕಳಿಸುತ್ತಿದ್ದರು. ಆ ವ್ಯಾನಿಗೆ ಹೆಣ್ಣು ಡ್ರೈವರೇ ಬೇಕೆಂದಿದ್ದರು. ಒಂದನೇ ತಾರೀಖು ಲೈಸೆನ್ಸು ತೋರಿಸಿದರೆ ಕೆಲಸ ನನ್ನದು, ಇಲ್ಲದಿದ್ದರೆ ಯಳಂದೂರಿನ ಇನ್ನೊಬ್ಬಳದ್ದು. ಮನೆಯಲ್ಲಿ ನನಗೆ ಗಂಡು ಹುಡುಕುತ್ತಿದ್ದರು. ಈ ಕೆಲಸ ತಪ್ಪಿದರೆ ಮುಂದೇನಾಗುತ್ತದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊಳ್ಳೇಗಾಲದ ಒಂದು ಡ್ರೈವಿಂಗ್ ಸ್ಕೂಲಿಗೆ ಒಂದು ತಿಂಗಳು ಮಣ್ಣು ಹೊತ್ತೆ. ಮಾಸ್ಟ್ರ ಕಾಲ ಬಳಿಯೂ ಒಂದು ಜೊತೆ ಕ್ಲಚ್ಚು, ಬ್ರೇಕು. ನಾನು ಒತ್ತುವ ಮೊದಲೇ ಅವರು ಒತ್ತುತ್ತಿದ್ದರು. ದಿನಾ ಯಳಂದೂರು ರಸ್ತೆಯಲ್ಲಿ ಮೂಗಿನ ನೇರಕ್ಕೆ ಹೋಗುವುದು, ತಿರುಗಿಸುವ ಜಾಗ ಬಂದರೆ ನನ್ನನ್ನು ಇಳಿಸಿ ಅವರೇ ತಿರುಗಿಸುವುದು. ರಿವರ್ಸ್ ಕಲಿಸಿ ಅಂದರೆ, “ಟೆಸ್ಟ್ ದಿನ ಪಕ್ಕದಲ್ಲಿ ನಾನೇ ಇರ್ತೀನಿ ಕಣಕ್ಕ. ನೀವು ಸ್ಟೇರಿಂಗ್ ಮುಟ್ಕಂಡಿದ್ರೆ ಸಾಕು,” ಅನ್ನುತ್ತಿದ್ದರು. ಎಲ್ಲರೂ ಹಾಗೆಯೇ ಪಾಸಾಗುತ್ತಿದ್ದರಂತೆ. ಸ್ಟೇರಿಂಗ್ ಮುಟ್ಟಿಕೊಂಡು ಪಾಸಾದವರೆಲ್ಲ ಈಗ ರಸ್ತೆಯಲ್ಲಿ ನಮ್ಮ ಎದುರಿಗೇ ಬರುತ್ತಿದ್ದಾರಲ್ಲ ಎಂದು ಯೋಚಿಸಿದರೆ ಮೈ ಉರಿಯುತ್ತದೆ.

ಟೆಸ್ಟಿನ ದಿನ ಇನ್ಸ್‌ಪೆಕ್ಟರಿಗೆ ಏನು ಅನ್ನಿಸಿತೋ, ನನ್ನ ಸರದಿ ಬಂದಾಗ ಮಾಸ್ಟ್ರನ್ನು ಕೆಳಗಿಳಿಸಿದರು. ಮುಂದಕ್ಕೆ ಚೆನ್ನಾಗಿಯೇ ಹೋದೆ. ರಿವರ್ಸಿನಲ್ಲಿ ಬಲಕ್ಕೆ ತಿರುಗುವ ಕಡೆ ಬಂತು. ಕತ್ತು ಹೊರಳಿಸಿ ಹಿಂದೆ ನೋಡಿದ್ದೇ ತಡ, ಕೈ ತನಗೆ ಗೊತ್ತಿದ್ದನ್ನು ಮಾಡಿತು. ಇಲ್ಲದ ಟ್ರೇಲರಿಗೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ. ಕಾರು ಎಡಕ್ಕೇ ನುಗ್ಗಿ ಕಂಬವನ್ನು ಕೆಡವಿತು.

ಮನೆಗೆ ಬಂದು ಇದನ್ನು ಹೇಳಿದರೆ ತಮ್ಮ, “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ,” ಅಂದ. ಕೈಯಲ್ಲಿದ್ದ ಚೊಂಬನ್ನು ಅವನ ಮೇಲೆ ಎಸೆದೆ. ತಪ್ಪಿಸಿಕೊಂಡ. ಅಪ್ಪ ಮಾತ್ರ ನಗಲಿಲ್ಲ. ಎದ್ದು ಹೋಗಿ ಟ್ರ್ಯಾಕ್ಟರಿನಿಂದ ಟ್ರೇಲರ್ ಕಳಚಿದ.

“ಬಾ ಕೂಸೇ. ಬರೀ ಟ್ರ್ಯಾಕ್ಟ್ರು ಕಾರ್ ಇದ್ದಂಗೇಯ. ಯಾವ್ ಕಡೀಕ್ ಓಗ್ಬೇಕೋ ಆ ಕಡೀಕೇ ತಿರುಗ್ಸು.”

ಕಣದಲ್ಲಿ ಕಬ್ಬಿನ ಜಲ್ಲೆಗಳನ್ನು ನೆಟ್ಟು ದಾರಿ ಮಾಡಿದ. ಮೊದಲ ದಿನ ಒಂಬತ್ತು ಜಲ್ಲೆ ಕೆಡವಿದೆ. ಐದು ವರ್ಷದ ಅಭ್ಯಾಸವನ್ನು ಒಂದು ವಾರದಲ್ಲಿ ಕೈಗೆ ಮರೆಸುವುದು ಕಲಿಯುವುದಕ್ಕಿಂತ ಕಷ್ಟ. ಸಿಟ್ಟಿಗೆ ನನ್ನ ಕೈಯನ್ನು ನಾನೇ ಸ್ಟೇರಿಂಗಿಗೆ ಕುಟ್ಟಿಕೊಂಡದ್ದಿದೆ. ಅಪ್ಪ ಬಿದ್ದ ಜಲ್ಲೆಯನ್ನು ಎತ್ತಿ ನೆಟ್ಟು, “ಇನ್ನೊಂದ್ ಕಿತ ಬುಡು,” ಅನ್ನುತ್ತಿದ್ದ. ಆರನೇ ದಿನ ಒಂದೂ ಬೀಳಲಿಲ್ಲ. ಅವತ್ತು ಅವನು ಒಂದು ಜಲ್ಲೆ ಮುರಿದು ನನಗೂ ಕೊಟ್ಟ. ಕಣದ ಕಲ್ಲಿನ ಮೇಲೆ ಕೂತು ಇಬ್ಬರೂ ತಿಂದೆವು.

ಎರಡನೇ ಟೆಸ್ಟು. ಅದೇ ಮರ, ಅದೇ ಕುರ್ಚಿ, ಅದೇ ಮನುಷ್ಯ. ಕಾರನ್ನು ಕಂಬಗಳ ಸಾಲಿನ ಆಚೆ ತುದಿಗೆ ಬಿಟ್ಟಿದ್ದೆನೋ ಇಲ್ಲವೋ, “ಸಾಕು, ಪಾಸು, ಇಳಿ,” ಅಂದರು.

“ಸಾ, ರಿವರ್ಸು?”

“ಬೇಡ. ಆಯ್ತು, ಇಳಿಯಮ್ಮ.”

ಯಾವ ರಿವರ್ಸಿಗೆ ಅಷ್ಟು ಜನರ ಮುಂದೆ ನಕ್ಕಿದ್ದರೋ ಅದನ್ನೇ ಈಗ ಬೇಡ ಅನ್ನುತ್ತಿದ್ದರು. ಈ ಸಲ ಕೆಳಗಿಳಿಸದೆ ಬಿಟ್ಟಿದ್ದ ಮಾಸ್ಟ್ರು ಪಕ್ಕದಿಂದ “ಇಳೀರಕ್ಕ, ಇಳೀರಿ” ಎಂದು ಮೊಣಕೈಯಲ್ಲಿ ತಿವಿದರು. ಈಗ ಮಾತು ಮೀರಿದರೆ ಪಾಸಾದದ್ದು ಫೇಲಾಗಬಹುದು, ಹನೂರಿನ ಕೆಲಸ ಹೋಗಬಹುದು. ಎಲ್ಲ ಗೊತ್ತಿತ್ತು. ಆದರೂ ನನಗೆ ತಡೆಯಲಾಗಲಿಲ್ಲ. ರಿವರ್ಸ್ ಗೇರ್ ಹಾಕಿದೆ. “ಬ್ರೇಕ್ ಮೇಲೆ ಕಾಲಿಟ್ರೆ ಚೆನ್ನಾಗಿರಲ್ಲ,” ಎಂದು ಮಾಸ್ಟ್ರಿಗೆ ಹೇಳಿದೆ. ಅವರು ಕಾಲು ಎಳೆದುಕೊಂಡರು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ, ಕಂಬಗಳ ನಡುವೆ ಕೊನೆಯವರೆಗೂ ಬಿಟ್ಟು ಕಾರನ್ನು ಗೆರೆಯ ಮೇಲೆ ನಿಲ್ಲಿಸಿದೆ. ಒಂದು ಕಂಬವೂ ಅಲುಗಲಿಲ್ಲ.

ಇಳಿದು ಮರದ ಕಡೆ ನೋಡಿದೆ. ಇನ್ಸ್‌ಪೆಕ್ಟರು ತಲೆ ಬಗ್ಗಿಸಿಕೊಂಡು ಮೊಬೈಲ್ ನೋಡುತ್ತಿದ್ದರು. ನನ್ನ ಕಾಗದಕ್ಕೆ ಆಗಲೇ ಸಹಿ ಬಿದ್ದಿತ್ತು.

“ನಿಮ್ದೆಲ್ಲ ಮುಗ್ದೋಗಿತ್ತಲ್ಲಕ್ಕ, ಸುಮ್ನೆ ಇಳೀಬಾರ್ದಾ?” ಎಂದು ಮಾಸ್ಟ್ರು ರೇಗಿದರು. “ನಿಮ್ಮಪ್ಪಾರು ಮೊನ್ನೇನೇ ಬಂದು ಮಾತಾಡ್ಕಂಡ್ ಓಗವ್ರೆ. ಕೊಡೋದ್ನೂ ಕೊಟ್ಟವ್ರೆ.”

ಮೊನ್ನೆ. ಅಂದರೆ ಒಂದೂ ಜಲ್ಲೆ ಬೀಳದ ದಿನದ ಮಾರನೇ ದಿನ.

ಬಸ್ಸಿನಲ್ಲಿ ಊರು ಬರುವ ತನಕ ಯಾರನ್ನು ಏನೆಂದು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಇನ್ಸ್‌ಪೆಕ್ಟರು, ಮಾಸ್ಟ್ರು ಎಲ್ಲರೂ ಹಿಂದೆ ಸರಿದು ಕೊನೆಗೆ ಅಪ್ಪನೊಬ್ಬನೇ ಉಳಿದ. ಅವನು ಹಿತ್ತಲಲ್ಲಿ ಹಸುವಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ. ನಾನು ಚೀಲವನ್ನೂ ಇಳಿಸಲಿಲ್ಲ.

“ನೀನೇ ಕಲ್ಸ್ದೋನು. ನೀನೇ ಕಣ್ಣಾರೆ ನೋಡ್ದೋನು. ನಿಂಗೂ ನನ್ ಮೇಲೆ ನಂಬ್ಕೆ ಇಲ್ವೇನಪ್ಪಾ?”

ಅಪ್ಪ ಕೈಯಲ್ಲಿದ್ದ ಸೋಗೆಯನ್ನು ಹಸುವಿನ ಮುಂದೆ ಹಾಕಿ, ಅಂಗೈಯ ಕಸ ಒರೆಸಿಕೊಂಡ.

“ನಿನ್ ಮೇಲೆ ನಂಬ್ಕೆ ಇತ್ತು ಕಣ್ ಕೂಸೇ,” ಅಂದ. “ಅವುರ್ ಮೇಲೆ ಇರ್ನಿಲ್ಲ.”

ನಾನು ಚೀಲ ಇಳಿಸಿ, ಉಳಿದ ಸೋಗೆಯನ್ನು ಹಸುವಿನ ಮುಂದೆ ಎಳೆದು ಹಾಕಿದೆ. ಒಂದನೇ ತಾರೀಖು ಹನೂರಿಗೆ ಹೋದೆ, ಕೆಲಸವೂ ಸಿಕ್ಕಿತು. ಅವರನ್ನು ನಂಬುವಂತಿಲ್ಲವೆಂದು ಅಪ್ಪ ಹೇಳಿದ್ದು ಸುಳ್ಳಾಗಿದ್ದರೆ ನನ್ನ ಸಿಟ್ಟು ಅವತ್ತೇ ಇಳಿದುಹೋಗುತ್ತಿತ್ತು.